ಲಕ್ಷ್ಮಕ್ಕನ ಕಾಲು, ಹಿಂದೂಪುರದ ಕರೆಂಟು, ಕಲ್ಯಾಣದುರ್ಗದ ಚಾಪೆ

ಹಾಲಿನ ಪ್ಯಾಕೆಟ್ಟು ಮೆಟ್ಟಿಲ ಮೇಲೆ ಬೀಳುವ ಸದ್ದಿಗೆ ನನಗೆ ದಿನವೂ ಎಚ್ಚರವಾಗುತ್ತದೆ. ಅವತ್ತೂ ಆಯಿತು. ಆದರೆ ಎಚ್ಚರವಾಗುವುದು ಬೇರೆ, ಏಳುವುದು ಬೇರೆ ಎನ್ನುವುದನ್ನು ಆ ಎರಡು ವಾರಗಳಲ್ಲಿ ಕಲಿತುಬಿಟ್ಟಿದ್ದೆ. ಮೊದಲು ಮಂಡಿ ಮಡಿಸಬೇಕು. ಆಮೇಲೆ ದಿಮ್ಮಿ ಉರುಳಿಸಿದ ಹಾಗೆ ಇಡೀ ಮೈಯನ್ನು ಒಟ್ಟಿಗೆ ಎಡಕ್ಕೆ ಹೊರಳಿಸಬೇಕು. ಕಾಲು ಮಂಚದಿಂದ ಕೆಳಗಿಳಿಯುತ್ತಿರುವಾಗಲೇ ಮೊಣಕೈ ಊರಿ ಏಳಬೇಕು. ನಡುವೆ ಒಂದು ಸೀನು ಬಂತೋ, ಮತ್ತೆ ಮೊದಲಿನಿಂದ. ಸೀನು ಬರುವ ಸೂಚನೆ ಸಿಕ್ಕರೆ ಸಾಕು, ಮೂಗು ಹಿಡಿದುಕೊಂಡು ಶಿವಶಿವಾ ಎನ್ನುತ್ತಿದ್ದೆ.

ಅಡುಗೆಮನೆಯಲ್ಲಿ ನಮ್ಮ ಯಜಮಾನರು ಕಾಫಿ ಮಾಡುತ್ತಿದ್ದರು. ಅವರದು ಹುಣಸೆಹಣ್ಣಿನ ಮಂಡಿ. ಎಷ್ಟು ಒಗೆದರೂ ಅವರ ಅಂಗಿಗಳಿಂದ ಒಂದು ಹುಳಿ ವಾಸನೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿ ಯಾವುದು, ಉಪ್ಪಿನ ಡಬ್ಬಿ ಯಾವುದು ಎಂದು ಅವರಿಗೆ ಗೊತ್ತಾದದ್ದೇ ನನ್ನ ಸೊಂಟ ಹಿಡಿದುಕೊಂಡ ಮೇಲೆ. ಲೋಟ ತಂದುಕೊಟ್ಟು, "ಮೆಲ್ಲಗೆ ಕಣೇ, ಬಸ್ಸಿಗೆ ಇನ್ನೂ ಹೊತ್ತಿದೆ" ಎಂದರು. ಮಾತ್ರೆ ನುಂಗುವುದಕ್ಕೆ ಬೇಕಾದಷ್ಟು, ಎರಡು ಗುಟುಕು ಕುಡಿದು, ಉಳಿದ ಕಾಫಿಯನ್ನು ಅವರ ಲೋಟಕ್ಕೇ ಬಗ್ಗಿಸಿದೆ. ಯಾಕೆಂದು ಅವರು ಕೇಳಲಿಲ್ಲ. ಬಸ್ಸಿಗೆ ಹೋಗುವ ದಿನ ನಾನು ಹೀಗೇ.

ಬಾಗಿಲಾಚೆ ಎದುರುಮನೆ ಲಕ್ಷ್ಮಕ್ಕ ನಮ್ಮ ಅಂಗಳಕ್ಕೂ ನೀರು ಚಿಮುಕಿಸಿ ರಂಗೋಲಿ ಇಡುತ್ತಿದ್ದಳು. ಬಗ್ಗಲಾರದ ನನ್ನ ಬದಲಿಗೆ ಎರಡು ವಾರದಿಂದ ಅವಳೇ. ಅವಳ ರಂಗೋಲಿಯಲ್ಲಿ ಒಂದು ಎಳೆ ಯಾವಾಗಲೂ ಕೂಡದೆ ಬಿಟ್ಟುಹೋಗುತ್ತದೆ. ಮಾತಾಡುತ್ತಾ ಹಾಕುತ್ತಾಳಲ್ಲ, ಅದಕ್ಕೆ.

"ಏನವ್ವಾ ಗಿರಿಜಮ್ಮ, ಹೊರಟ್ಯಾ? ಹಿಂದೂಪುರದಾಗೆ ಡಾಕ್ಟ್ರಿಗೇನು ಬರ ಬಂದೈತಾ, ಅಷ್ಟು ದೂರ ಕಲ್ಯಾಣದುರ್ಗಕ್ಕೆ ಹೋಯ್ತೀಯ?"

"ಉಮಾ ಕರೀತಿದಾಳೆ ಲಕ್ಷ್ಮಕ್ಕ. ಅಲ್ಲೊಬ್ಬ ಮೇಡಂ ಇದಾರಂತೆ, ಚೆನ್ನಾಗಿ ನೋಡ್ತಾರಂತೆ."

"ನೋಡ್ಲಿ ನೋಡ್ಲಿ. ನನ್ ಕಾಲಿಗೇ ಜಗ್ಗದ ಸೊಂಟ ಅವರ ಕೈಗೆ ಜಗ್ತದಾ ನೋಡಾನ" ಎಂದು ಅವಳು ರಂಗೋಲಿ ಬಟ್ಟಲು ಕೊಡವಿದಳು.

ಅವಳ ಕಾಲಿನ ವಿಷಯ ಹೇಳಬೇಕು. ಆದರೆ ಅದಕ್ಕೆ ಮೊದಲು ಸೊಂಟ ಹಿಡಿದುಕೊಂಡದ್ದು ಹೇಗೆ ಎಂದು ಹೇಳಬೇಕು, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಕೊಡ ಎತ್ತಿದಿರಾ? ಅಕ್ಕಿ ಮೂಟೆ ಸರಿಸಿದಿರಾ? ಇಲ್ಲ. ಟೆರೇಸಿನಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಹಸಿರು ಬಣ್ಣದ ಒಂದು ಬಟ್ಟೆ ಕ್ಲಿಪ್ಪು ಕೈಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದೆ. ಅಷ್ಟೇ. ಸೊಂಟದೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಬಗ್ಗಿದವಳು ಬಗ್ಗಿದ ಹಾಗೆಯೇ, ಕೈಯಲ್ಲಿ ಕ್ಲಿಪ್ಪು ಹಿಡಿದುಕೊಂಡು, ಯಾರಾದರೂ ಬರಲಿ ಎಂದು ನಿಂತೆ. ಕೂಗೋಣವೆಂದರೆ ಉಸಿರು ಎಳೆದುಕೊಳ್ಳುವುದಕ್ಕೂ ನೋವು. ತನ್ನ ಟೆರೇಸಿನ ಮೇಲೆ ಮೆಣಸಿನಕಾಯಿ ಹರವುತ್ತಿದ್ದ ಲಕ್ಷ್ಮಕ್ಕನೇ ನನ್ನನ್ನು ನೋಡಿದ್ದು. "ಏನಮ್ಮಾ, ಏನು ಹುಡುಕ್ತಾ ಇದೀಯ ಅಷ್ಟೊತ್ತಿಂದ?" ಎಂದು ಅಲ್ಲಿಂದಲೇ ಕೇಳಿದಳು.

ಲಕ್ಷ್ಮಕ್ಕ ಎದುರುಕಾಲಿನವಳು. ಅಂದರೆ ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮುಂದಾಗಿ ಬಂದವಳು. ಅಂಥವರು ಕಾಲಿನಿಂದ ಮುಟ್ಟಿದರೆ ಸೊಂಟದ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ನಮ್ಮ ಬೀದಿಯಲ್ಲಿ ಯಾರಿಗೆ ಸೊಂಟ ಹಿಡಿದರೂ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅವಳ ಜಗುಲಿಯಲ್ಲಿ ಹಾಜರು. ಬ್ಯಾಂಕಿನ ಮ್ಯಾನೇಜರರೂ ಅಲ್ಲಿ ಬೋರಲು ಮಲಗಿದ್ದನ್ನು ನಾನು ಕಂಡಿದ್ದೇನೆ. ಕಾನ್ವೆಂಟಿನಲ್ಲಿ ಓದಿದ ನನಗೆ ಇದರಲ್ಲಿ ನಂಬಿಕೆ ಇತ್ತೇ ಎಂದರೆ, ಆ ಬೆಳಿಗ್ಗೆ ಇತ್ತು. ಇವರು ತೋಳು ಹಿಡಿದು ಕರೆದುಕೊಂಡು ಹೋದರು. ಬೋರಲು ಮಲಗುವುದಕ್ಕೇ ಬಹಳ ಹೊತ್ತು ಹಿಡಿಯಿತು. ಲಕ್ಷ್ಮಕ್ಕ ಕಾಲು ತೊಳೆದುಕೊಂಡು ಬಂದು, ಎಡಗಾಲಿನ ಹಿಮ್ಮಡಿಯನ್ನು ನನ್ನ ಸೊಂಟದ ಮೇಲೆ ಮೂರು ಸಲ ಮುಟ್ಟಿಸಿದಳು. ಒದೆಯಲಿಲ್ಲ, ಮಗುವನ್ನು ತಟ್ಟಿದ ಹಾಗೆ ಮುಟ್ಟಿಸಿದಳು. ಅವಳ ಪಾದ ತಣ್ಣಗಿತ್ತು, ಅದು ಹಿತವಾಗಿತ್ತು. ಆದರೆ ಎದ್ದಾಗ ಸೊಂಟ ಮೊದಲಿನ ಹಾಗೆಯೇ ಇತ್ತು.

ನನಗಿದ್ದ ಭಯ ನೋವಿನದಲ್ಲ. ಅವ್ವನ ಮಂಚದ್ದು.

ಕಲ್ಯಾಣದುರ್ಗದಲ್ಲಿ ನನ್ನ ತಂಗಿ ಉಮಾಳ ಮನೆ. ಅದರ ನಡುಮನೆಯ ಕಿಟಕಿಯ ಪಕ್ಕದಲ್ಲಿ ಒಂದು ಕಬ್ಬಿಣದ ಮಂಚವಿತ್ತು. ನಮ್ಮವ್ವ ತನ್ನ ಕೊನೆಯ ವರ್ಷಗಳನ್ನು ಅದರ ಮೇಲೆಯೇ ಕಳೆದಳು. ಅವಳಿಗೂ ಶುರುವಾದದ್ದು ಹೀಗೆಯೇ, ಸೊಂಟ ಹಿಡಿದುಕೊಂಡಿತು ಎಂದು. ಎಣ್ಣೆ ತಿಕ್ಕಿದೆವು, ಶಾಖ ಕೊಟ್ಟೆವು, ಹಲಗೆಯ ಮೇಲೆ ಮಲಗಿಸಿದೆವು. ಕಡೆಗೆ ದೊಡ್ಡಾಸ್ಪತ್ರೆಗೆ ಹೋದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಒಂದಕ್ಕೆ ಸರಿಯಾಗಿ ಹೋಗ್ತಿದಾರಾ?" ಅವ್ವ ತಲೆ ತಗ್ಗಿಸಿದಳು. ಹೋಗುತ್ತಿರಲಿಲ್ಲ, ಹೇಳಿರಲೂ ಇಲ್ಲ. ಹೆಣ್ಣುಮಕ್ಕಳಾದ ನಮಗೂ ಹೇಳಿರಲಿಲ್ಲ. ನರ ಒತ್ತಿಹೋಗಿ ತಡವಾಗಿದೆ ಎಂದರು. ಆಮೇಲೆ ಅವ್ವನ ಕಾಲಿಗೆ ಬಲ ಬರಲೇ ಇಲ್ಲ. ಮಂಚದ ಪಕ್ಕಕ್ಕೆ ತೂಗುಬಿಟ್ಟ ಮೂತ್ರದ ಚೀಲವನ್ನು ಯಾರಾದರೂ ಬಂದಾಗ ಸೆರಗಿನಿಂದ ಮುಚ್ಚಲು ಅವಳು ಒದ್ದಾಡುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ ನನ್ನ ಸೊಂಟ ಹಿಡಿದ ದಿನದಿಂದ ನಾನು ಲೆಕ್ಕ ಹಾಕುತ್ತಿದ್ದದ್ದು ಒಂದನ್ನೇ: ಕಾಲ್ಬೆರಳು ಅಲ್ಲಾಡುತ್ತಿದೆಯೇ? ಅದನ್ನು ಯಾರಿಗೂ ಹೇಳದೆ ಹೊದಿಕೆಯ ಒಳಗೇ ನೋಡಿಕೊಳ್ಳುತ್ತಿದ್ದೆ.

ಲಕ್ಷ್ಮಕ್ಕನ ಕಾಲಾದ ಮೇಲೆ ಹಿಂದೂಪುರದ ಫಿಸಿಯೋಥೆರಪಿ ಸೆಂಟರು. ಇವರಿಗೆ ಮಷಿನ್ನಿನ ಮೇಲೆ ಬಹಳ ನಂಬಿಕೆ. ಅಲ್ಲಿ ಹಸಿರು ಪರದೆಗಳ ಹಿಂದೆ ಸಾಲಾಗಿ ಮಂಚಗಳು, ಒಂದೊಂದು ಮಂಚದ ಪಕ್ಕ ಒಂದೊಂದು ಯಂತ್ರ. ಸಮಯ ಮುಗಿದರೆ ಟಿಣ್ ಎನ್ನುವ ಗಂಟೆ. ಬೆಂಚಿನ ಮೇಲೆ ಕಾಯುವವರಲ್ಲಿ ಯಾವಾಗಲೂ ಒಂದೇ ಚರ್ಚೆ.

"ನಿಂಗೇನು, ಕರೆಂಟಾ ಎಳೆಯೋದಾ?" ಎಂದು ಆಟೋ ಓಡಿಸುವವರೊಬ್ಬರು ಪರಿಗಿಯಿಂದ ಬಂದಿದ್ದ ಅಜ್ಜಿಯನ್ನು ಕೇಳಿದರು.

"ಎರಡೂ ಕಣಪ್ಪ."

"ಎರಡೂನಾ! ಹಂಗಾರೆ ನಿಂದು ದೊಡ್ಡದೇ ಬುಡು."

ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. "ಮತ್ತೆ? ಮೇಲಿಂದ ಬಿಸೀದೂ ಇಡ್ತಾರೆ. ನಿಂಗೆ ಇಟ್ರಾ?" ಆಟೋದವರ ಮುಖ ಸಪ್ಪಗಾಯಿತು. ಅವರಿಗೆ ಇಟ್ಟಿರಲಿಲ್ಲ.

ನನಗೆ ಮೂರೂ ಸಿಕ್ಕಿತು. ಮೊದಲು ಟವೆಲ್ಲಿನಲ್ಲಿ ಸುತ್ತಿದ ಬಿಸಿ ಪ್ಯಾಕು. ಅದು ನಿಜವಾಗಿಯೂ ಸುಖ. ಆ ಎರಡು ವಾರಗಳಲ್ಲಿ ನಾನು ಹಲ್ಲು ಕಚ್ಚದೆ ಉಸಿರಾಡಿದ್ದು ಆ ಟವೆಲ್ಲಿನ ಕೆಳಗೆ ಮಾತ್ರ. ಆಮೇಲೆ ಒದ್ದೆ ಸ್ಪಂಜು ಅಂಟಿಸಿ ಕರೆಂಟು. ಇರುವೆ ಸಾಲು ಹರಿದ ಹಾಗೆ ಜುಮುಜುಮು. ಕೊನೆಗೆ ಎದೆಗೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ ಕಟ್ಟಿ ಮೆಲ್ಲಗೆ ಎಳೆಯುವ ಮಂಚ. ಅಲ್ಲಿನ ಸಾರ್ ಒಳ್ಳೆಯವರು, ಮುಟ್ಟುವ ಮೊದಲು ಪ್ರತಿಸಲವೂ "ಮುಟ್ಟಲಾ ಅಮ್ಮಾ?" ಎಂದು ಕೇಳುತ್ತಿದ್ದರು. ಓಡಾಡಿ, ಮಲಗಿಕೊಂಡೇ ಇರಬೇಡಿ ಎಂದೂ ಹೇಳಿದ್ದರು. ನಾವು ಕೇಳಿಸಿಕೊಳ್ಳಲಿಲ್ಲ. ಮಷಿನ್ನಿಗೆ ಹೋಗಿಬಂದದ್ದೇ ಮದ್ದು, ಉಳಿದ ಹೊತ್ತು ಅಲುಗದೆ ಮಲಗುವುದೇ ಪಥ್ಯ ಎಂದು ನಮ್ಮ ಮನೆಯ ಲೆಕ್ಕ. ಸೆಂಟರಿನಿಂದ ಹೊರಬರುವಾಗ ನೆಟ್ಟಗಿರುತ್ತಿದ್ದ ಸೊಂಟ, ಆಟೋ ನಮ್ಮ ಬೀದಿಯ ಹಳ್ಳ ಹಾರುವ ಹೊತ್ತಿಗೆ ಮತ್ತೆ ಹಿಡಿದುಕೊಳ್ಳುತ್ತಿತ್ತು. ಹಾಗಾಗಿ ಉಮಾ ಫೋನಿನಲ್ಲಿ ಅತ್ತು ಕರೆದಾಗ ಇವರು, "ಆಯ್ತು, ಒಂದ್ಸಲ ಅಲ್ಲೂ ತೋರಿಸಿಬಿಡಾಣ. ಆಗಲಿಲ್ಲಂದ್ರೆ ಬೆಂಗಳೂರು, ಆಪರೇಷನ್" ಎಂದಿದ್ದರು.

ಬಸ್ಸಿನಲ್ಲಿ ಕೂತರೆ ನೋವು, ನಿಂತರೆ ಪರವಾಗಿಲ್ಲ. ಒಂದಷ್ಟು ದೂರ ಕಂಬಿ ಹಿಡಿದು ನಿಂತೇ ಹೋದೆ. ಸೀಟು ಖಾಲಿ ಇದ್ದರೂ ನಿಂತಿದ್ದ ನನ್ನನ್ನು ನೋಡಿ ಒಬ್ಬಾಕೆ, "ಹರಕೆ ಏನಮ್ಮಾ?" ಎಂದು ಮೆಲ್ಲಗೆ ಕೇಳಿದಳು. ಪೆನುಕೊಂಡ ದಾಟಿದ ಮೇಲೆ ಕಾಲು ಸೋತು ಕುಳಿತೆ. ಸೊಂಟದ ಬೆಲ್ಟನ್ನು ಇನ್ನಷ್ಟು ಬಿಗಿಯಾಗಿ ಎಳೆದು ಕಟ್ಟಿಕೊಂಡೆ. ಸೀಟಿನ ಅಂಚಿನಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡು, ಹೊರಗೆ ಕಡಲೆಕಾಯಿ ಕಿತ್ತು ರಾಶಿ ಹಾಕಿದ್ದ ಹೊಲಗಳನ್ನು ನೋಡುತ್ತಾ ಹೋದೆ. ಬಸ್ಸು ಇಳಿದಾಗ ಕೂರುವ ಜಾಗವೆಲ್ಲ ಮರಗಟ್ಟಿದಂತಿತ್ತು. ಅದನ್ನು ಇವರಿಗೆ ಹೇಳಲಿಲ್ಲ.

ಉಮಾ ಬಸ್‌ ಸ್ಟ್ಯಾಂಡಿಗೇ ಬಂದಿದ್ದಳು. ಮೇಡಂ ಅವರ ಫಿಸಿಯೋಥೆರಪಿ ಕ್ಲಿನಿಕ್ಕು ಹತ್ತಿರದಲ್ಲೇ, ಅಂಗಡಿ ಸಾಲಿನಲ್ಲಿ. ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ. ಎಲ್ಲಕ್ಕೂ ಕೆಂಪು ಮಣ್ಣು. ಕಡಲೆಕಾಯಿ ಕೀಳುವ ಕಾಲ, ಬೆಂಚಿನ ತುಂಬ ಬಗ್ಗಿ ಬಗ್ಗಿ ಸೊಂಟ ಹೋದ ಹೆಂಗಸರು. ಒಬ್ಬ ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏಮ್ ತಲ್ಲೀ, ನೀಕೂ ನಡುಮೇನಾ?" ಎಂದಳು. ನಿನಗೂ ಸೊಂಟವೇನಾ ಎಂದು. ಇಸ್ತ್ರಿ ಸೀರೆಯವರಿಗೂ ಸೊಂಟ ಹಿಡಿಯುತ್ತದೆ ಎನ್ನುವುದು ಅವಳಿಗೆ ಹೊಸದಾಗಿ ಕಂಡಿತೋ ಏನೋ. ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಟ್ಟಳು. ಇವರು ಒಳಗೆ ಇಣುಕಿ, "ಮಷಿನ್ ಎಲ್ಲಿ?" ಎಂದು ಪಿಸುಗುಟ್ಟಿದರು. ಒಂದೇ ಒಂದು ಯಂತ್ರ ಮೂಲೆಯಲ್ಲಿ ಟವೆಲ್ಲು ಹೊದ್ದು ಕುಳಿತಿತ್ತು. ನಡುವೆ ನೆಲದ ಮೇಲೆ ನೀಲಿ ಚಾಪೆ, ಪಕ್ಕದಲ್ಲಿ ಒಂದು ಮರದ ಮಂಚ.

ಮೇಡಂ ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಉಗುರುಗಳನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದರು. ಮುಟ್ಟುವುದಕ್ಕೆ ಮೊದಲು ಪ್ರಶ್ನೆಗಳು. ಯಾವಾಗ, ಹೇಗೆ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ. ಇವರೇ ಅರ್ಧ ಉತ್ತರ ಕೊಡುತ್ತಿದ್ದರು. ಆಮೇಲೆ ಮೇಡಂ ನನ್ನ ಕಡೆಗೇ ತಿರುಗಿ ಕೇಳಿದರು.

"ಕೂತ್ಕೊಳ್ಳೋ ಜಾಗ ಜೋಮು ಹಿಡಿದಂಗೆ ಇದೆಯಾ ಅಮ್ಮಾ?"

ಇಲ್ಲ ಎನ್ನಬೇಕೆಂದಿದ್ದೆ. "ಇದೆ" ಎಂಬ ಮಾತು ಹೊರಬಂತು.

"ಒಂದಕ್ಕೆ ಸರಿಯಾಗಿ ಹೋಗ್ತಿದೀರಾ?"

ಅದೇ ಪ್ರಶ್ನೆ. ಅವ್ವನಿಗೆ ಕೇಳಿದ್ದ ಅದೇ ಪ್ರಶ್ನೆ, ಅದೇ ಶಬ್ದಗಳಲ್ಲಿ. ಇವರು ತಟ್ಟನೆ ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರ ನೋಡತೊಡಗಿದರು. ನಮ್ಮ ಕಾನ್ವೆಂಟಿನಲ್ಲಿ ಆ ಶಬ್ದವನ್ನೇ ಆಡುವಂತಿರಲಿಲ್ಲ. ಕಿರುಬೆರಳು ಎತ್ತಬೇಕು, ಸಿಸ್ಟರ್ ತಲೆಯಾಡಿಸಬೇಕು. ಮೊಮ್ಮಕ್ಕಳಾಗುವ ವಯಸ್ಸಿನಲ್ಲಿ ನಾನು ಆ ಚಿಕ್ಕ ಹುಡುಗಿಯ ಮುಂದೆ ಕಿರುಬೆರಳು ಎತ್ತಿ, ಇಲ್ಲವೆಂದು ತಲೆಯಾಡಿಸಿದೆ.

"ಕೊನೇ ಸಲ ಯಾವಾಗ ಹೋಗಿದ್ದು?"

"ಬೆಳಿಗ್ಗೆ... ಎದ್ದಾಗ."

"ಆಗಿಂದ ಹೋಗಬೇಕು ಅಂತ ಅನ್ನಿಸ್ಲೇ ಇಲ್ವಾ?"

"ಇಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. ಅದನ್ನು ಅವರು ಎಷ್ಟು ನಿಧಾನವಾಗಿ ಇಟ್ಟರೆಂದರೆ ಸದ್ದೇ ಆಗಲಿಲ್ಲ. ಆ ಸದ್ದಿಲ್ಲದಿರುವುದೇ ನನ್ನ ಎದೆಗೆ ತಟ್ಟಿತು. ಇವರನ್ನು ಹೊರಗೆ ಕಳಿಸಿ, ಉಮಾಳ ಕೈಗೆ ಒಂದು ಬೆಡ್‌ಶೀಟು ಕೊಟ್ಟು ಮರೆ ಹಿಡಿಯುವಂತೆ ಹೇಳಿದರು. ನನ್ನ ಬೆಲ್ಟು ಬಿಚ್ಚಿದರು. ಹತ್ತಿಯ ತುಂಡಿನಿಂದ ಅಲ್ಲಲ್ಲಿ ಮುಟ್ಟುತ್ತಾ, "ಇಲ್ಲಿ ಗೊತ್ತಾಗುತ್ತಾ? ಇಲ್ಲಿ?" ಗೊತ್ತಾಗುತ್ತಿತ್ತು. ಕೆಲವು ಕಡೆ ಗೊತ್ತಾಗುತ್ತಿದೆಯೋ, ಗೊತ್ತಾಗಲಿ ಎಂದು ನಾನು ಬೇಡುತ್ತಿದ್ದೇನೋ ತಿಳಿಯಲಿಲ್ಲ. ಕಾಲಿನ ಹೆಬ್ಬೆರಳನ್ನು ಮೇಲೆತ್ತಿಸಿ ಒತ್ತಿ ನೋಡಿದರು, ಮಂಡಿಗೆ ತಟ್ಟಿ ನೋಡಿದರು. "ಕಾಲಿನ ಬಲ ಚೆನ್ನಾಗಿದೆ. ಆದರೂ..." ಎಂದು ಫೋನು ಎತ್ತಿಕೊಂಡರು. ಅನಂತಪುರದ ಯಾರೋ ಡಾಕ್ಟರೊಂದಿಗೆ ತೆಲುಗಿನಲ್ಲಿ ಮಾತಾಡಿದರು. ಸ್ಕ್ಯಾನು, ಇವತ್ತೇ, ಎಂಬ ಮಾತುಗಳು ಕೇಳಿದವು. ಹೊರಗೆ ಇವರು ಕಾರು ಗೊತ್ತು ಮಾಡುತ್ತಿದ್ದ ಸದ್ದು. ಬಾಡಿಗೆಗೆ ಚೌಕಾಸಿಯನ್ನೇ ಮಾಡಲಿಲ್ಲ. ಮಂಡಿಯಲ್ಲಿ ನೂರು ಜನರ ನಡುವೆ ಹರಾಜು ಕೂಗುವ ಮನುಷ್ಯ.

ನಾನು ಮಂಚದ ಮೇಲೆ ಬೋರಲು ಮಲಗಿದ್ದೆ. ಎರಡು ಬೀದಿ ಆಚೆ ಆ ಕಿಟಕಿ ಇದೆ, ಎಂದುಕೊಂಡೆ. ಅವ್ವನ ಮಂಚವನ್ನು ಉಮಾ ಗುಜರಿಗೆ ಹಾಕಿದ್ದಾಳೆ. ಆದರೆ ಅದರ ಕಾಲುಗಳು ಕೊರೆದ ನಾಲ್ಕು ಗುರುತುಗಳು ನೆಲದಲ್ಲಿ ಇನ್ನೂ ಇವೆ.

ಮೇಡಂ ಫೋನಿಟ್ಟು ಉಮಾಳನ್ನು, "ಬೆಳಿಗ್ಗೆಯಿಂದ ಇವರು ಏನೇನು ತಗೊಂಡಿದಾರೆ?" ಎಂದು ಕೇಳಿದರು.

"ನಂಗೇನು ಗೊತ್ತು ಮೇಡಂ, ಈಗ ತಾನೆ ಬಸ್ಸಿಂದ ಇಳಿದಳು. ಏನೂ ತಗೊಂಡಿರಲ್ಲ. ಬಸ್ಸು ಹತ್ತೋ ದಿನ ನಮ್ಮಕ್ಕ ನೀರು ಎಲ್ಲಿ ಮುಟ್ತಾಳೆ?"

"ಅಂದ್ರೆ?"

"ಅಂದ್ರೆ... ಕುಡಿಯಲ್ಲ. ಯಾರು ಕುಡೀತಾರೆ ಮೇಡಂ? ಮಧ್ಯದಲ್ಲಿ ಬಂದ್ಬುಟ್ರೆ ಎಲ್ಲಿ ಹೋಗೋದು?"

ಮೇಡಂ ನನ್ನ ಕಡೆ ನೋಡಿದರು. "ನೀವು ಇವತ್ತು ಎಷ್ಟು ನೀರು ಕುಡಿದಿದೀರಿ ಅಮ್ಮಾ?"

ಎರಡು ಗುಟುಕು ಕಾಫಿ, ಎಂದೆ. ನಿನ್ನೆ ರಾತ್ರಿ ಊಟವಾದ ಮೇಲೆಯೂ ಕುಡಿದಿರಲಿಲ್ಲ. ಇದನ್ನು ನಾನೇ ಯಾಕೆ ಹೇಳಲಿಲ್ಲ ಎಂದು ಆಮೇಲೆ ಇವರು ಗದರಿದರು. ಹೊಳೆಯಲೇ ಇಲ್ಲ. ದೊಡ್ಡವಳಾದಾಗಿನಿಂದ ಹೀಗೆಯೇ, ಬಸ್ಸು, ಜೀಪು, ಮದುವೆ ವ್ಯಾನು, ಯಾವುದೇ ಆಗಲಿ, ಹೊರಡುವ ಹೊತ್ತಿಗೆ ಬಾಯಿ ಒಣಗಿಸಿಕೊಳ್ಳುವುದು. ಅವ್ವನಿಂದ ನಮಗೆ ಬಂದದ್ದು, ನಮ್ಮಿಂದ ನಮ್ಮ ಹೆಣ್ಣುಮಕ್ಕಳಿಗೆ. ಇವತ್ತು ಕಣ್ಣು ಮಿಟುಕಿಸಿದಿರಾ ಎಂದರೆ ಯಾರಿಗೆ ನೆನಪಿರುತ್ತದೆ?

ಮೇಡಂ ಹಣೆಗೆ ಕೈ ಇಟ್ಟುಕೊಂಡರು. ನಗುತ್ತಾರೇನೋ ಎಂದುಕೊಂಡೆ. ನಗಲಿಲ್ಲ. "ಇದೇ ಕಾರಣ ಇರಬಹುದು. ಇಲ್ಲದೇನೂ ಇರಬಹುದು. ಈಗ ಕುಡೀರಿ. ಕಾರು ಬಾಗಿಲಲ್ಲೇ ಇರ್ಲಿ. ಒಂದು ಗಂಟೆ ನೋಡ್ತೀನಿ. ಆಗಲಿಲ್ಲ ಅಂದ್ರೆ ಮನೆಗೂ ಹೋಗಬೇಡಿ, ದೇವಸ್ಥಾನಕ್ಕೂ ಹೋಗಬೇಡಿ, ಸೀದಾ ಅನಂತಪುರ. ಕಾಲಿನ ಬಲ ಕಡಿಮೆ ಆದಂಗೆ ಅನ್ನಿಸಿದ್ರೆ ಒಂದು ಗಂಟೆನೂ ಕಾಯೋದಿಲ್ಲ."

ಆ ಒಂದು ಗಂಟೆಯನ್ನು ನಾನು ಹೇಗೆ ಬರೆಯಲಿ. ಉಮಾ ಲೋಟದ ಮೇಲೆ ಲೋಟ ಕೊಟ್ಟಳು. ಸ್ಟೀಲಿನ ಲೋಟ, ಅಂಚಿನಲ್ಲಿ ಒಂದು ಸಣ್ಣ ನಗ್ಗು. ಪ್ರತಿಸಲವೂ ನಗ್ಗಿದ ಕಡೆಯೇ ತುಟಿಗೆ ಬರುತ್ತಿತ್ತು. ಮೇಡಂ ನನ್ನನ್ನು ಮಲಗಲು ಬಿಡಲಿಲ್ಲ. ಗೋಡೆಯಿಂದ ಬಾಗಿಲಿಗೆ, ಬಾಗಿಲಿನಿಂದ ಗೋಡೆಗೆ ನಡೆಸಿದರು. ಬಾಗಿಲಿಗೆ ಬಂದಾಗಲೆಲ್ಲ ಕಾರು ಕಾಣುತ್ತಿತ್ತು. ಡ್ರೈವರು ಹಿಂದಿನ ಸೀಟಿನಲ್ಲಿ ದಿಂಬು ಇಟ್ಟು, ಬಾಗಿಲು ತೆರೆದು ನಿಂತಿದ್ದ. ಇವರು ನನ್ನ ಜೊತೆಗೇ ನಡೆದರು. ಮದುವೆಯಲ್ಲಿ ಹಿಡಿದ ಮೇಲೆ ನಾಲ್ಕು ಜನರ ಎದುರಿಗೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಕೈ ಒದ್ದೆಯಾಗಿತ್ತು, ಅವರದೋ, ನನ್ನದೋ.

ಬೆಲ್ಟು ಬಿಚ್ಚಿದ ಕಡೆ ಚರ್ಮದ ಮೇಲೆ ಕೆಂಪು ಬರೆ ಎದ್ದಿತ್ತು. ನಡೆಯುತ್ತಾ ನಡೆಯುತ್ತಾ ಮರಗಟ್ಟಿದ್ದ ಜಾಗಕ್ಕೆ ಸೂಜಿ ಚುಚ್ಚಿದ ಹಾಗಾಗತೊಡಗಿತು. "ಚುಚ್ಚುತ್ತಿದೆ" ಎಂದೆ. "ಚುಚ್ಚಲಿ, ಒಳ್ಳೇದು" ಎಂದರು ಮೇಡಂ. ಆದರೆ ಕಿರುಬೆರಳಿನ ಸುದ್ದಿ ಮಾತ್ರ ಇಲ್ಲ. ಬೆಂಚಿನ ಹೆಂಗಸರಿಗೆ ಆ ಹೊತ್ತಿಗೆ ಎಲ್ಲ ತಿಳಿದುಹೋಗಿತ್ತು. ಯಾರೂ ತಮ್ಮ ಸರದಿ ಕೇಳಲಿಲ್ಲ. ಆ ಮುದುಕಿ ಮಾತ್ರ ನಾನು ಎದುರಿಗೆ ಬಂದಾಗಲೆಲ್ಲ ಗಟ್ಟಿಯಾಗಿ, "ವಸ್ತುಂದಿ ತಲ್ಲೀ, ವಸ್ತುಂದಿ" ಎನ್ನುತ್ತಿದ್ದಳು. ಬರುತ್ತೆ ತಾಯಿ, ಬರುತ್ತೆ. ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತವರು ಹೇಳುವ ಹಾಗೆ.

ಒಂದು ಗಂಟೆ ತುಂಬಿತು. ಮೇಡಂ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಕಾಲ್ಬೆರಳನ್ನು ಇನ್ನೊಮ್ಮೆ ಒತ್ತಿ ನೋಡಿದರು. "ಒಂದ್ಸಲ ಪ್ರಯತ್ನ ಮಾಡಿ ಬನ್ನಿ. ಆಮೇಲೆ ಹೊರಟುಬಿಡಿ" ಎಂದರು. ಹಿಂದುಗಡೆಯ ಬಾತ್‌ರೂಮಿನಲ್ಲಿ ಕುಕ್ಕರುಗಾಲಿನದು, ನನ್ನಿಂದಾಗದ ಕೆಲಸ. ಆದರೆ ಅದರ ಮೇಲೆ ನಡುವೆ ದುಂಡಗೆ ಕೊರೆದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಇಟ್ಟಿದ್ದರು. ನನ್ನಂಥವರು ಎಷ್ಟು ಜನ ಅಲ್ಲಿಗೆ ಬಂದಿರಬೇಕು ಎನ್ನಿಸಿತು. ಉಮಾ ಬಾಗಿಲಾಚೆ ನಿಂತಳು. ನಾನು ಕುಳಿತೆ. ಏನೂ ಇಲ್ಲ. ಕಣ್ಣು ಮುಚ್ಚಿದೆ. ಅವ್ವನ ಸೆರಗು, ಆ ಚೀಲ. ಕಣ್ಣು ತೆರೆದೆ.

"ಅಕ್ಕಾ, ನಲ್ಲಿ ಬಿಡೇ" ಎಂದಳು ಉಮಾ ಹೊರಗಿನಿಂದ. "ಚಿಕ್ಕೋರಿದ್ದಾಗ ಅವ್ವ ಬಿಡ್ತಿರಲಿಲ್ವಾ?"

ಬಿಡುತ್ತಿದ್ದಳು. ನಮ್ಮನ್ನು ಮಲಗಿಸುವ ಮೊದಲು ಬಚ್ಚಲಿನಲ್ಲಿ ಕೂರಿಸಿ, ಚೊಂಬಿನಿಂದ ಸಣ್ಣಗೆ ನೀರು ಸುರಿಯುತ್ತಾ ಸ್‌ಸ್‌ಸ್ ಎನ್ನುತ್ತಿದ್ದಳು. ನಲ್ಲಿ ತಿರುಗಿಸಿದೆ. ಬಕೆಟ್ಟಿನ ತಳಕ್ಕೆ ನೀರು ಬೀಳುವ ಸದ್ದು. ಬಾಗಿಲಾಚೆ ನನ್ನ ತಂಗಿ, ಎರಡು ಮಕ್ಕಳ ತಾಯಿ, ಸ್‌ಸ್‌ಸ್ ಎನ್ನತೊಡಗಿದಳು. ನನಗೆ ನಗು ಬಂತು. ನಕ್ಕಾಗ ಸೊಂಟ ಹಿಡಿದುಕೊಂಡಿತು. ಅಯ್ಯೋ ಎನ್ನುವುದರೊಳಗೆ, ಆಯಿತು.

ನಾನು ಅತ್ತೆ. ಸೊಂಟದ ನೋವಿಗೆ ಎರಡು ವಾರ ಅಳದವಳು ಆ ಕೊರೆದ ಕುರ್ಚಿಯ ಮೇಲೆ ಕುಳಿತು ಜೋರಾಗಿ ಅತ್ತೆ. ಉಮಾ ಬಾಗಿಲು ಬಡಿದು, "ಏನಾಯ್ತೇ? ಆಯ್ತಾ? ಸರಾಗವಾಗಿ ಆಯ್ತಾ?" ಎಂದು ಕೂಗಿದಳು. "ಆಯ್ತು" ಎಂದದ್ದೇ ತಡ, ಅವಳು ಹೊರಕೋಣೆಗೆ ಓಡಿದ ಸದ್ದು, ಹಿಂದೆಯೇ ಬೆಂಚಿನಿಂದ ಎದ್ದ ಗದ್ದಲ. ಹೊರಬಂದಾಗ ಮುದುಕಿ ಎರಡೂ ಕೈಗಳಿಂದ ನನ್ನ ಮುಖ ನೇವರಿಸಿ ನೆಟಿಗೆ ತೆಗೆದಳು. ಕಾನ್ವೆಂಟಿನ ಸಿಸ್ಟರ್ ಅಲ್ಲಿದ್ದಿದ್ದರೆ ಮೂರ್ಛೆ ಹೋಗುತ್ತಿದ್ದರು.

ಮೇಡಂ ಆಗಲೂ ಪೂರ್ತಿ ನಂಬಲಿಲ್ಲ. ಹತ್ತಿಯಿಂದ ಇನ್ನೊಂದು ಸಲ ಮುಟ್ಟಿ ನೋಡಿದರು. ಈ ಸಲ ಎಲ್ಲ ಕಡೆಯೂ ಖಚಿತವಾಗಿ ಗೊತ್ತಾಯಿತು. ಇನ್ನೊಂದು ಲೋಟ ಕುಡಿಸಿ, ಎರಡನೆಯ ಸಲವೂ ಕಳಿಸಿದರು. ಅದಾದ ಮೇಲೆ ಅನಂತಪುರದ ಡಾಕ್ಟರಿಗೆ ಫೋನು ಮಾಡಿ ಎಲ್ಲ ಒಪ್ಪಿಸಿದರು. ಇವತ್ತು ಬರುವುದು ಬೇಡ ಎಂದರಂತೆ ಅವರು. ಆಮೇಲೆಯೇ ಕಾರಿನವನನ್ನು ಕಳಿಸಲು ಇವರಿಗೆ ಅಪ್ಪಣೆಯಾದದ್ದು.

"ಇವತ್ತು ಸುಮ್ಮನೆ ಹೆದರಿಸಿಬಿಟ್ಟೆ ಅನ್ಕೋಬೇಡಿ" ಎಂದರು ಮೇಡಂ. "ಮುಂದೆ ಯಾವಾಗ್ಲಾದ್ರೂ ಹೀಗೆ ಜೋಮು ಬಂದ್ರೆ, ಒಂದಕ್ಕೆ ಹೋಗೋದು ಕಟ್ಟಿದ್ರೆ, ಕಾಲು ಸೋತ್ರೆ, ರಾತ್ರಿಯಾದ್ರೂ ಸರಿ, ಹೋಗ್ಲೇಬೇಕು. ನಾಚ್ಕೊಂಡು ಕೂತ್ಕೋಬಾರದು."

ನಮ್ಮವ್ವ ನಾಚಿಕೊಂಡು ಕುಳಿತಿದ್ದಳು ಎಂದೆ. ಮೇಡಂ ನನ್ನ ಭುಜ ಹಿಡಿದುಕೊಂಡರು.

ಆಮೇಲೆ ಚಾಪೆ. ಬೋರಲು ಮಲಗಿ, ಮೊದಲು ಸುಮ್ಮನೆ ಉಸಿರಾಡುವುದು, ಆಮೇಲೆ ಮೊಣಕೈ ಊರಿ ಎದೆ ಎತ್ತುವುದು. ನನ್ನ ಸೊಂಟಕ್ಕೆ ಅದೇ ಹಿತವಾಗಿತ್ತು. ನನಗೆ ಹೇಳಿಕೊಟ್ಟದ್ದನ್ನೇ ಪಕ್ಕದವಳಿಗೆ ಹೇಳಲಿಲ್ಲ; ಅವಳಿಗೆ ಮಂಡಿಗಳನ್ನು ಎದೆಗೆ ತರಲು ಹೇಳಿದರು. ಬೆಲ್ಟು ಯಾವಾಗಲೂ ಬೇಡ, ಹಗಲೆಲ್ಲ ಮಲಗುವುದು ಬೇಡವೇ ಬೇಡ, ಆಗಾಗ ಎದ್ದು ನಡೆಯಬೇಕು. ಇವರು ತಡೆಯಲಾರದೆ ಕೇಳಿಯೇಬಿಟ್ಟರು. "ಹಾಗಾದ್ರೆ ಹಿಂದೂಪುರದಲ್ಲಿ ಕೊಟ್ಟ ಕರೆಂಟೆಲ್ಲ ದಂಡವಾ ಮೇಡಂ?"

"ದಂಡ ಯಾಕೆ ಸಾರ್? ಬಿಸಿ ಇಟ್ಟಾಗ ಹಾಯಾಗಿತ್ತು ಅಂತಾರಲ್ಲ, ಅದೂ ಬೇಕು. ಆದ್ರೆ ಸೊಂಟ ಓಡಾಡ್ತಾ ಸರಿಹೋಗೋದು. ನಾನು ಮುಟ್ಟದೇ ಇದ್ರೂ ಬಹಳ ಸೊಂಟಗಳು ಕೆಲವು ವಾರಗಳಲ್ಲಿ ತಾವಾಗೇ ಬಿಡ್ತವೆ. ಹಂಗಂತ ಬೋರ್ಡು ಹಾಕಿದ್ರೆ ಇಲ್ಲಿಗ್ಯಾರು ಬರ್ತಾರೆ?" ಬೆಂಚಿನವರೆಲ್ಲ ನಕ್ಕರು. ಇವರೂ ನಕ್ಕರು, ಬೆಳಿಗ್ಗೆಯಿಂದ ಮೊದಲ ಸಲ.

ಈಗ ಇದನ್ನು ಬರೆಯುತ್ತಿರುವಾಗ ನಾನು ನೆಲದ ಮೇಲೆ ಕುಳಿತಿದ್ದೇನೆ. ನೋವು ಅವತ್ತೇ ಹೋಗಲಿಲ್ಲ. ಇನ್ನೂ ಕೆಲವು ವಾರ ಇತ್ತು, ಬೇಡದ ನೆಂಟನಂತೆ ಒಂದೊಂದೇ ಚೀಲ ಎತ್ತಿಕೊಂಡು ಹೋಯಿತು. ಹೋಗಿಸಿದ್ದು ಚಾಪೆಯೋ, ಕರೆಂಟೋ, ಬರಿಯ ದಿನಗಳೋ ನಾನು ಹೇಳಲಾರೆ. ಸೊಂಟ ಹಿಡಿದುಕೊಂಡು ಇದನ್ನು ಓದುತ್ತಿರುವವರಿಗೆ ನನಗೆ ಖಂಡಿತವಾಗಿ ಗೊತ್ತಿರುವುದು ಒಂದೇ: ಆ ಪ್ರಶ್ನೆ ಕೇಳಿದರೆ ತಲೆ ತಗ್ಗಿಸಬೇಡಿ, ಬಾಯಿಬಿಟ್ಟು ಹೇಳಿ.

ಅವತ್ತು ಮಧ್ಯಾಹ್ನದ ಬಸ್ಸಿಗೆ ವಾಪಸು ಹೊರಟೆವು. ಉಮಾ ಉಳಿದುಕೋ ಎಂದಳು. ಆ ಕಿಟಕಿಯ ಪಕ್ಕ ಮಲಗುವ ಧೈರ್ಯ ನನಗಿರಲಿಲ್ಲ, ಅದು ಅವಳಿಗೂ ಅರ್ಥವಾಯಿತು. ಒಂದು ಬಾಟಲಿ ನೀರು ತುಂಬಿಕೊಟ್ಟಳು. ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಕುಡಿದೆ. ಪೆನುಕೊಂಡದಲ್ಲಿ ಕಂಡಕ್ಟರಿಗೆ, "ಸ್ವಲ್ಪ ನಿಲ್ಲಿಸಿಕೊಳ್ಳಿ, ನಾನು ಒಂದಕ್ಕೆ ಹೋಗಿ ಬರಬೇಕು" ಎಂದೆ. ಕಿರುಬೆರಳು ಎತ್ತಲಿಲ್ಲ. ಅವರು, "ಬೇಗ ಬನ್ನಿ ಅಮ್ಮಾ" ಎಂದರು, ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಲಕ್ಷ್ಮಕ್ಕ ಬಟ್ಟಲಲ್ಲಿ ಹುರುಳಿ ಸಾರು ತಂದಳು. ನಾನು ಗೋಡೆ ಹಿಡಿಯದೆ ಬಾಗಿಲಿಗೆ ಬಂದದ್ದನ್ನು ನೋಡಿ, "ಜಗ್ತು ನೋಡು ನನ್ ಕಾಲಿಗೆ! ತಡವಾಗಿ ಜಗ್ತು ಅಷ್ಟೇಯ" ಎಂದಳು. ಕೂರಿಸಿಕೊಂಡು ಎಲ್ಲ ಹೇಳಿದೆ. ಮೇಡಂ ಪೆನ್ನು ಕೆಳಗಿಟ್ಟದ್ದು, ಕಾರಿನ ದಿಂಬು, ಅವ್ವ, ನಲ್ಲಿ, ಮುದುಕಿ. ಲಕ್ಷ್ಮಕ್ಕ ಬಾಯಿಯ ಮೇಲೆ ಸೆರಗು ಹಿಡಿದು ಕೇಳಿದಳು, ಎರಡು ಸಲ ಕಣ್ಣೊರೆಸಿಕೊಂಡಳು. "ಅಯ್ ಶಿವನೇ, ಒಂದು ಲೋಟ ನೀರಿಗೋಸ್ಕರ ಏನು ಗತಿ ಆಗೋಗಿತ್ತು ಕಣಮ್ಮ!" ಎಂದಳು. ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಎದ್ದು ಎರಡು ಲೋಟ ನೀರು ತಂದು ಒಂದನ್ನು ಅವಳ ಮುಂದಿಟ್ಟೆ.

ಅವಳು ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಸೆರಗು ಕೊಡವಿಕೊಂಡು ಎದ್ದಳು. "ನಂಗೆ ಬ್ಯಾಡ ಕಣಮ್ಮ, ಬೆಳಿಗ್ಗೆ ಪರಿಗಿ ಬಸ್ಸಿಗೆ ಹೋಗ್ಬೇಕು."